ಪಡಸಾಲೆಯ ಮಾತು: ಕೇಳದೆ ಉಳಿದ ಪ್ರಶ್ನೆ

ಈ ಸಲದ ವಿಷಯವನ್ನು ಪಡಸಾಲೆಯಲ್ಲಿ ಗಂಡಸರು ಎತ್ತುವ ರೂಢಿಯಿಲ್ಲ. ವಾಚಕರು ಮನ್ನಿಸಬೇಕು.

ನಮಗೆ ಬೇಕಾದ ಮನೆಯೊಂದರ ಹುಡುಗಿಗೆ ಇಪ್ಪತ್ತಾರರ ಪ್ರಾಯದಲ್ಲಿ ಲಿಂಫೋಮಾ ಎಂಬ ಕ್ಯಾನ್ಸರು ಬಂದಿತು. ಬಲವಾದ ಔಷಧಗಳಿಂದ ಗುಣವೂ ಆಯಿತು. ಈಗ ಕೆಲಸಕ್ಕೆ ಹೋಗುತ್ತಾಳೆ. ಆದರೆ ಮುಟ್ಟು ನಿಂತುಹೋಗಿದೆ. "ಮೊದಲ ಗೊತ್ತಿದ್ರ ಏನರ ಮಾಡಬಹುದಿತ್ತಂತಲ್ಲೋ ತಮ್ಮಾ" ಎಂದು ಅವಳ ತಾಯಿ ಅಂದಾಗ ನಮಗೆ ಉತ್ತರ ತೋಚಲಿಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಓಡಾಡಿದವರು ನಾವೇ. ಅರ್ಜಿ, ರಸೀದಿ, ಸಹಿ, ಮೊಹರು ಎಲ್ಲವನ್ನೂ ಕಚೇರಿಯ ಅಭ್ಯಾಸದಂತೆ ಅಚ್ಚುಕಟ್ಟಾಗಿ ನೋಡಿಕೊಂಡೆವು. ಡಾಕ್ಟರು ಹೇಳಲಿಲ್ಲ; ನಾವೂ ಕೇಳಲಿಲ್ಲ.

ಆಮೇಲೆ ಓದಿ ತಿಳಿದದ್ದು ಇಷ್ಟು. ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಸುಮಾರು 10-20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ ಉಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವುವು 400-500 ಮಾತ್ರ. ಇದು ಇಡುಗಂಟು, ಖರ್ಚೇ ಹೊರತು ಜಮೆಯಿಲ್ಲ. ಸೈಕ್ಲೋಫಾಸ್ಫಮೈಡಿನಂಥ ಔಷಧಗಳೂ ಕೆಳಹೊಟ್ಟೆಗೆ ಕೊಡುವ ವಿಕಿರಣವೂ ಈ ಗಂಟನ್ನು ಬೇಗನೆ ಕರಗಿಸಬಲ್ಲವು.

ಅದಕ್ಕೆ ಮುಂಚೆಯೇ ಅಂಡಗಳನ್ನು ತೆಗೆದು ಶೈತ್ಯದಲ್ಲಿ ಕಾಪಿಡಬಹುದು. ಹಾಗೆ ಕಾಪಿಟ್ಟ ಅಂಡದಿಂದ ಮೊದಲ ಶಿಶುಜನನವು 1986ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು. ಇದಕ್ಕೆ ಎರಡು ವಾರದಷ್ಟು ಕಾಲ ಇಂಜೆಕ್ಷನ್ನು ಬೇಕು. ಅಷ್ಟು ಬಿಡುವಿಲ್ಲದವರಿಗೂ ಇನ್ನೂ ನೆರೆಯದ ಹುಡುಗಿಯರಿಗೂ ಅಂಡಾಶಯದ ಚೂರನ್ನೇ ತೆಗೆದು, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿಟ್ಟು, ಗುಣವಾದ ಮೇಲೆ ಮರಳಿ ಕೂಡಿಸುವ ಕ್ರಮವುಂಟು. ಬೆಲ್ಜಿಯಮ್ಮಿನ ಡಾ. ಜಾಕ್ ಡೊನ್ನೆ ಅವರ ತಂಡದ ಆರೈಕೆಯಲ್ಲಿದ್ದ ಸ್ತ್ರೀಯೊಬ್ಬಳು 2004ರಲ್ಲಿ ಹೀಗೆ ತಾಯಿಯಾದಳು. ನಮ್ಮ ಹೈದರಾಬಾದಿನಲ್ಲೇ, ಅತ್ತಾಪುರದ ಸಿ.ಸಿ.ಎಂ.ಬಿ. ಪ್ರಯೋಗಾಲಯದಲ್ಲಿ, ಅಳಿವಿನಂಚಿನ ಮೃಗಗಳ ಬೀಜವನ್ನು ಇಂಥ ಶೈತ್ಯದಲ್ಲಿ ಕಾಯುತ್ತಾರೆ. ಮೃಗಗಳ ವಿಷಯದಲ್ಲಿ ನಾವು ಜಾಣರು!

ಎಲ್ಲರಿಗೂ ಇದು ಒಪ್ಪದು. ಅಂಡಾಶಯಕ್ಕೇ ಕ್ಯಾನ್ಸರಾದಾಗ ಚೂರನ್ನು ಮರಳಿ ಕೂಡಿಸಿದರೆ ರೋಗವೂ ಜೊತೆಗೇ ಬರುವ ಭಯ. ರೋಗ ಮೊದಲ ಹಂತದಲ್ಲಿ ಒಂದೇ ಕಡೆಗಿದ್ದರೆ, ಕೆಲವರಲ್ಲಿ ಇನ್ನೊಂದು ಅಂಡಾಶಯವನ್ನೂ ಗರ್ಭಕೋಶವನ್ನೂ ಉಳಿಸುವುದುಂಟು. ಆದರೆ ಅದು ಮೊದಲಲ್ಲೇ ಗೊತ್ತಾಗುವುದು ಅಪರೂಪ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ—ಇವನ್ನು ನಮ್ಮ ಮನೆಗಳಲ್ಲಿ "ಗ್ಯಾಸು" ಎಂದು ಅಜವಾನದಲ್ಲಿ ಮುಗಿಸುತ್ತೇವೆ. ಎರಡು-ಮೂರು ವಾರ ಬಿಡದೆ ಕಾಡಿದರೆ ಡಾಕ್ಟರಿಗೆ ತೋರಿಸಬೇಕು.

ಇದನ್ನು ಬರೆಯಬಹುದೇ ಎಂದು ಆ ಹುಡುಗಿಯನ್ನೇ ಕೇಳಿದೆವು. "ಬರೀರಿ ಅಣ್ಣಾ. ಔಷಧ ಸುರು ಮಾಡೂದಕ್ಕಿಂತ ಮೊದಲ ಕೇಳ್ರಿ ಅಂತ ಬರೀರಿ. ಹೆಸರೊಂದು ಬ್ಯಾಡ" ಎಂದಳು.