ತಪಾಸಣೆ ಮುಗಿಯುತ್ತದೆ, ಊರಿಗೆ ಸುದ್ದಿಯೇ ಇರುವುದಿಲ್ಲ

ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಭೂಮಿಯಲ್ಲಿ ಕೊಳವೆಬಾವಿ ಕೊರೆದರೆ ಸಿಗುವುದು ಬಹುಮಟ್ಟಿಗೆ ಸವುಳು ನೀರು. ಹಾಗಾಗಿ ಇಲ್ಲಿನ ಹಲವು ಹಳ್ಳಿಗಳು ಮಲಪ್ರಭಾ ಕಾಲುವೆಯಿಂದ ತುಂಬಿಸಿಕೊಂಡ ಕೆರೆಯ ನೀರನ್ನೇ ಕುಡಿಯುತ್ತವೆ. ಮೋಟರ್ ರಿಪೇರಿ, ಪೈಪು, ವಾಲ್ವು, ಬ್ಲೀಚಿಂಗ್ ಪೌಡರ್ ಎಲ್ಲವೂ ಗ್ರಾಮ ಪಂಚಾಯಿತಿಯ ಖರ್ಚಿಗೆ ಬೀಳುತ್ತವೆ. ಮೋಟರ್ ಎಷ್ಟು ದಿನ ಕೆಟ್ಟು ಕೂತಿತ್ತು ಎಂಬುದು ಕೊಡ ಹೊತ್ತು ಅಲೆದ ಹೆಣ್ಣುಮಕ್ಕಳಿಗೆ ಗೊತ್ತು. ರಿಪೇರಿ ಬಿಲ್ಲು ಎಷ್ಟು ಸಲ ಪಾಸಾಗಿದೆ ಎಂಬುದು ಲೆಕ್ಕಪರಿಶೋಧಕರಿಗೆ ಗೊತ್ತು. ಇವರಿಬ್ಬರೂ ಎದುರುಬದುರು ಕೂರುವ ಸಂದರ್ಭವೇ ಒದಗುವುದಿಲ್ಲ.

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯಿತಿಗಳ ಲೆಕ್ಕಪರಿಶೋಧನೆ ಹೇಗಿರಬೇಕೆಂಬುದನ್ನು ಅದರ 243ಜೆ ವಿಧಿ ರಾಜ್ಯದ ಶಾಸನಸಭೆಗೆ ಬಿಟ್ಟಿತು. ಈಗ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎಂದು ಕರೆಯಲಾಗುವ ನಮ್ಮ 1993ರ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಯ ಲೆಕ್ಕ ನೋಡುವುದು ರಾಜ್ಯ ಲೆಕ್ಕಪರಿಶೋಧನಾ ಇಲಾಖೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಲೆಕ್ಕ ಸಿಎಜಿ ಪಾಲಿನದು. ಹಿಂದಿನ ಪರಿಶೋಧನಾ ಟಿಪ್ಪಣಿಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಗ್ರಾಮಸಭೆಯ ಮುಂದಿಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ಇಟ್ಟಿದ್ದಕ್ಕೆ ಸಾಕ್ಷಿಯಾಗಿ ಉಳಿಯುವುದು ಬಹಳ ಕಡೆ ನಡಾವಳಿ ಪುಸ್ತಕದ ಒಂದೇ ಸಾಲು: ಜಮಾ–ಖರ್ಚು ಓದಿ ಹೇಳಲಾಯಿತು, ಸಭೆ ಒಪ್ಪಿತು.

ಆ ಟಿಪ್ಪಣಿಯಲ್ಲಿ ಇರುವುದಾದರೂ ಏನು? ಕುಂದಗೋಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಿ.ಸಿ. ರಸ್ತೆ ಆಗಿದೆ ಎಂದುಕೊಳ್ಳೋಣ. ಬಿಲ್ಲಿನಲ್ಲಿ ರಾಜಧನ ಮುರಿದಿಲ್ಲ, ಕಾರ್ಮಿಕ ಕಲ್ಯಾಣ ಸೆಸ್ ಕಡಿತ ಮಾಡಿಲ್ಲ, ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಸಹಿ ಇಲ್ಲ, ವೋಚರ್ ಹಾಜರುಪಡಿಸಿಲ್ಲ: ಆಕ್ಷೇಪಣೆಗಳು ಹೆಚ್ಚಾಗಿ ಈ ಧಾಟಿಯವು. ಇವೂ ಬೇಕು, ಹಗುರ ಮಾಡುವಂಥವಲ್ಲ. ಆದರೆ ಎರಡನೇ ಮಳೆಗಾಲಕ್ಕೇ ಜಲ್ಲಿ ಕಿತ್ತು ಬಂದ ರಸ್ತೆಯ ಕಾಗದಪತ್ರಗಳೆಲ್ಲ ಸರಿಯಾಗಿದ್ದರೆ ಅದರ ಬಗ್ಗೆ ಒಂದು ಅಕ್ಷರವೂ ಬರುವುದಿಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡಿಸಿ ಒಂದು ವೋಚರ್ ಕಳೆದುಕೊಂಡ ಪಿಡಿಒ ಮಾತ್ರ ವರ್ಗವಾಗಿ ಹೋದ ಊರಲ್ಲೂ ಉತ್ತರ ಬರೆಯುತ್ತಲೇ ಇರಬೇಕಾಗುತ್ತದೆ. ಇದು ನ್ಯಾಯವಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ ಸಾಮಾಜಿಕ ಪರಿಶೋಧನೆಯನ್ನು ತಂದಾಗ ಈ ಕೊರತೆಗೆ ಮದ್ದು ಸಿಕ್ಕಿತ್ತು. ಕಲಘಟಗಿಯ ಕೃಷಿಹೊಂಡವನ್ನು ಟೇಪು ಹಿಡಿದು ಅಳೆಯಬಹುದು, ಹಾಜರಿಪಟ್ಟಿಯ ಹೆಸರು ಕೂಗಿದಾಗ ‘ಈಕಿ ಕೆಲಸಕ್ಕ ಬಂದೇ ಇಲ್ರಿ’ ಎಂದು ಯಾರಾದರೂ ಎದ್ದು ನಿಂತು ಹೇಳಬಹುದು. ಆದರೆ ಆ ವರದಿಯ ದಾರಿ ಬೇರೆ, ಕಚೇರಿ ತಪಾಸಣೆಯ ದಾರಿ ಬೇರೆ. ಮನೆ ತೆರಿಗೆ, ನೀರಿನ ಕರದಂಥ ಪಂಚಾಯಿತಿಯ ಸ್ವಂತ ನಿಧಿಯ ಖರ್ಚು ಊರವರ ಕಣ್ಣಿಗೆ ಬೀಳುವುದೇ ಕಡಿಮೆ.

ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1930ರಲ್ಲಿ, ಸ್ಥಳೀಯ ನಿಧಿಗಳ ಪರಿಶೋಧನೆಗೆ ಪ್ರತ್ಯೇಕ ಕಾಯ್ದೆ ಬಂದಿತ್ತು. ಅಕ್ರಮ ವೆಚ್ಚವನ್ನು ಅದಕ್ಕೆ ಕಾರಣರಾದವರಿಂದಲೇ ವಸೂಲು ಮಾಡಲು ಅದರಲ್ಲಿ ಅವಕಾಶವಿತ್ತು. ಅದು ಸರ್ಕಾರ ತನ್ನ ಕೈಕೆಳಗಿನವರನ್ನು ಹಿಡಿತದಲ್ಲಿಡಲು ಮಾಡಿಕೊಂಡ ಕಾನೂನು, ಪ್ರಜೆಗೆ ಅಲ್ಲಿ ಜಾಗವಿರಲಿಲ್ಲ. ಅಧಿಕಾರ ವಿಕೇಂದ್ರೀಕರಣವಾಗಿ ಮೂರು ದಶಕ ದಾಟಿದರೂ ನಮ್ಮ ಪರಿಶೋಧನೆ ಅದೇ ಮುಖ ಹೊತ್ತು ಮೇಲಕ್ಕೇ ನೋಡುತ್ತಿದೆ.

ಬ್ರಿಟನ್ನಿನಲ್ಲಿ ತನ್ನದೇ ಶಾಸನಸಭೆ ಪಡೆದ ವೇಲ್ಸ್‌ಗಾಗಿ 2004ರಲ್ಲಿ ಆದ ಸಾರ್ವಜನಿಕ ಲೆಕ್ಕಪರಿಶೋಧನಾ ಕಾಯ್ದೆ ಇಲ್ಲಿ ಗಮನಿಸಬೇಕಾದದ್ದು. ಅಲ್ಲಿ ಪರಿಶೋಧನೆಯ ಹೊತ್ತಿಗೆ ಆಸಕ್ತರು ಬಿಲ್ಲು, ವೋಚರ್, ಕರಾರುಪತ್ರ ತೆರೆಸಿ ನೋಡಬಹುದು. ಸ್ಥಳೀಯ ಮತದಾರ ಪರಿಶೋಧಕರನ್ನೇ ಪ್ರಶ್ನಿಸಬಹುದು, ಲಿಖಿತ ತಕರಾರು ಕೊಡಬಹುದು. ಸಾರ್ವಜನಿಕ ಹಿತಾಸಕ್ತಿಯ ವರದಿ ಬಂತೆಂದರೆ ಸ್ಥಳೀಯ ಮಂಡಳಿ ಒಂದು ತಿಂಗಳೊಳಗೆ ಸಭೆ ಸೇರಿ ಚರ್ಚಿಸಲೇಬೇಕು.

ಹಳ್ಳಿಯವರಿಗೆ ಲೆಕ್ಕ ತಿಳಿಯದು, ಇದೆಲ್ಲ ಪಾರ್ಟಿ ಜಗಳಕ್ಕೆ ದಾರಿ ಎನ್ನುವವರಿದ್ದಾರೆ. ಜಗಳದ ಭಯ ಸುಳ್ಳಲ್ಲ. ತಕರಾರು ಲಿಖಿತವಾಗಿರಬೇಕು, ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಪರಿಶೋಧಕರೇ ತೀರ್ಮಾನಿಸಬೇಕು ಎಂದರೆ ಅದಕ್ಕೆ ಕಡಿವಾಣ ಬೀಳುತ್ತದೆ. ತಿಳಿವಳಿಕೆಯ ಮಾತನ್ನು ಮಾತ್ರ ನವಲಗುಂದದಲ್ಲಿ ಆಡಬಾರದು. 1980ರ ಜುಲೈ 21ರಂದು ಇಲ್ಲಿ ಗುಂಡು ಹಾರಿದ್ದು, ನೀರಾವರಿಯ ಹೆಸರಲ್ಲಿ ಸರ್ಕಾರ ಹೇರಿದ ಅಭಿವೃದ್ಧಿ ಕರದ ಲೆಕ್ಕವನ್ನು ರೈತರು ಪ್ರಶ್ನಿಸಿದ್ದಕ್ಕೆ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಸ್ಥಿತಿ ಇನ್ನೂ ಕಷ್ಟದ್ದು. 2021ರಲ್ಲಿ ಅವಧಿ ಮುಗಿದ ಮೇಲೆ ಅವು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ಉಳಿದವು. ಸಿಎಜಿ ಆಕ್ಷೇಪಣೆಯನ್ನು ಸಭೆಯಲ್ಲಿ ಎತ್ತಿ ಕೇಳಲು ಚುನಾಯಿತ ಸದಸ್ಯರೇ ಇರಲಿಲ್ಲ.

ಗ್ರಾಮ ಪಂಚಾಯಿತಿಗಳ ಪರಿಶೋಧನೆಗೆ ಸಂಬಂಧಿಸಿದ 246ನೇ ಪ್ರಕರಣಕ್ಕೆ ತಿದ್ದುಪಡಿ ಆಗಲಿ. ಪರಿಶೋಧಕರು ಬರುವ ದಿನವನ್ನು ಹದಿನೈದು ದಿನ ಮೊದಲೇ ಡಂಗುರ ಸಾರಿ ತಿಳಿಸಬೇಕು. ಅವರು ಊರಲ್ಲಿರುವಷ್ಟು ದಿನವೂ ಮೂಲ ದಾಖಲೆಗಳು ಮತದಾರರ ನೋಟಕ್ಕೆ ಸಿಗಬೇಕು. ವರದಿ ಕೈಸೇರಿದ ತಿಂಗಳೊಳಗೆ ಅದೊಂದಕ್ಕಾಗಿಯೇ ಗ್ರಾಮಸಭೆ ಕರೆದು, ಪರಿಶೋಧಕರ ಸಮ್ಮುಖದಲ್ಲಿ ಒಂದೊಂದು ಕಂಡಿಕೆಯನ್ನೂ ಓದಬೇಕು. ಸಾಮಾಜಿಕ ಪರಿಶೋಧನೆಯ ವರದಿಯೂ ಅದೇ ಮೇಜಿನ ಮೇಲಿರಬೇಕು. ಸಭೆ ಕರೆಯದ ಪಂಚಾಯಿತಿಯ ಅಧ್ಯಕ್ಷರೂ ಪಿಡಿಒ ಇಬ್ಬರೂ ಅದಕ್ಕೆ ಹೊಣೆಯಾಗಬೇಕು.