ಗಾಯ ಆದವನ ಬಾಲು ಯಾರ ಪಾಲಿಗೆ?

(1/6)
ಫೋಟೋದಲ್ಲಿರೋದು ನಮ್ಮ ಕ್ಲಾಸಿನ ಫ್ಯಾಂಟಸಿ ಲೀಗ್ ಲೆಡ್ಜರ್. ಹೌದು, ಲೆಡ್ಜರೇ. ಬಿಕಾಂ ಹುಡುಗ್ರು, ಎಕ್ಸೆಲ್ ಬರಲ್ಲ ಅಂತಲ್ಲ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬರೋ ಬಸ್ಸಲ್ಲಿ ನಿಂತ್ಕೊಂಡು ಪಾಯಿಂಟ್ ಬರೆಯೋಕೆ ಉದ್ದ ನೋಟ್‌ಬುಕ್ಕೇ ವಾಸಿ. ದುಡ್ಡಿನ ವ್ಯವಹಾರ ಇಲ್ಲ. ವಾರದ ಕೊನೆಗೆ ಕಡೇ ಸ್ಥಾನದಲ್ಲಿದ್ದವನು ಎಲ್ಲರಿಗೂ ಟೀ ಕೊಡಿಸ್ಬೇಕು, ಅಷ್ಟೇ.

ಈ ಸೀರೀಸ್ ಬರೆಯೋಕೆ ಕಾರಣ ನಮ್ಮ ವಾಟ್ಸಾಪ್ ಗ್ರೂಪು. ಐಪಿಎಲ್‌ನಲ್ಲಿ ಯಾರಿಗಾದ್ರೂ ಗಾಯ ಅಂತ ಸುದ್ದಿ ಬಂದ್ರೆ ಸಾಕು, ಎರಡೇ ನಿಮಿಷದಲ್ಲಿ ಮೆಸೇಜು: "ಬದಲಿಗೆ ಯಾರು ಮಗಾ? ಅವ್ನನ್ನ ಹಾಕು, ಅವ್ನನ್ನ ಹಾಕು." ಆಮೇಲೆ ಆ ಬದಲಿ ಆಟಗಾರ ನಾಲ್ಕು ಮ್ಯಾಚು ಡಗೌಟಲ್ಲಿ ನೀರಿನ ಬಾಟಲಿ ಹಿಡ್ಕೊಂಡು ಕೂತಿರ್ತಾನೆ, ನಮ್ಮ ಹುಡುಗ್ರು ಟೀ ಕೊಡಿಸ್ತಾ ಇರ್ತಾರೆ.

ನನ್ನ ಪ್ರಕಾರ ಕೇಳ್ತಿರೋ ಪ್ರಶ್ನೆನೇ ತಪ್ಪು. "ಅವನ ಜಾಗಕ್ಕೆ ಯಾರು ಬಂದ" ಅಂತ ಕೇಳಬಾರ್ದು. "ಅವನು ಆಡ್ತಿದ್ದ ಬಾಲುಗಳು ಈಗ ಯಾರ ಪಾಲಿಗೆ ಹೋಗ್ತವೆ" ಅಂತ ಕೇಳಬೇಕು. ಎರಡೂ ಒಂದೇ ಅನ್ಸುತ್ತೆ. ಅಲ್ಲ. ಮುಂದಿನ ಪೋಸ್ಟ್ ಓದಿ.

(2/6)
ಸೆಕೆಂಡ್ ಪಿಯು ಅಕೌಂಟೆನ್ಸಿ ನೆನಪಿದ್ಯಾ? ಪಾಲುದಾರನ ನಿವೃತ್ತಿ ಚಾಪ್ಟರ್. ಎ, ಬಿ, ಸಿ ಮೂವರು, ಲಾಭ 3:2:1. ಬಿ ಹೊರಟ. ಅವನ ಪಾಲು ಗಾಳಿಯಲ್ಲಿ ಹೋಗಲ್ಲ, ಉಳಿದವರ ಹತ್ರಾನೇ ಬರುತ್ತೆ. ಬೇರೆ ಒಪ್ಪಂದ ಇಲ್ಲ ಅಂದ್ರೆ ಹಳೇ ಅನುಪಾತ 3:1ರಲ್ಲೇ ಹಂಚ್ಕೋತಾರೆ. ಗೇನಿಂಗ್ ರೇಶಿಯೋ ಅಂತ ಬೋರ್ಡ್ ಮೇಲೆ ಬರೆದಾಗ ನಾವೆಲ್ಲ ಆಕಳಿಸ್ತಾ ಕೂತಿದ್ವಿ.

ಟಿ20 ಇನಿಂಗ್ಸ್ ಕೂಡ ಅಂಥದ್ದೇ ಫರ್ಮು. ಇರೋದೇ 120 ಬಾಲು. ಒಬ್ಬ ಹೊರಟ್ರೆ ಅವನ ಬಾಲು ಬೇರೆ ಯಾರಾದ್ರೂ ಆಡಲೇಬೇಕು. ಆದ್ರೆ ಇಲ್ಲಿ ಹಳೇ ಅನುಪಾತ ನಡೆಯಲ್ಲ. ಪಕ್ಕದಲ್ಲಿ ನಿಂತವನಿಗೆ ಜಾಸ್ತಿ, ದೂರದವನಿಗೆ ಚೂರು.

ನಮ್ಮ ಆರ್‌ಸಿಬಿದೇ ಲೆಕ್ಕ ತಗೊಳಿ. 2023ರಲ್ಲಿ ನಾನು ಫಸ್ಟ್ ಪಿಯು ಮುಗಿಸಿ ರಜೆಯಲ್ಲಿ ಮನೇಲಿ ಬಿದ್ದಿದ್ದೆ, ಒಂದು ಮ್ಯಾಚೂ ಬಿಟ್ಟಿಲ್ಲ. ರಜತ್ ಪಾಟೀದಾರ್ ಹಿಮ್ಮಡಿ ಗಾಯ ಅಂತ ಇಡೀ ಸೀಸನ್ ಔಟ್. ಮೂರನೇ ನಂಬರ್ ಖಾಲಿ. ದಿನೇಶ್ ಕಾರ್ತಿಕ್, ಲೋಮ್ರೋರ್, ಶಹಬಾಜ್, ಅನುಜ್ ರಾವತ್, ಒಬ್ಬರಾದ ಮೇಲೆ ಒಬ್ಬರನ್ನ ಟ್ರೈ ಮಾಡಿದ್ರು. ಯಾರೂ ಗಟ್ಟಿಯಾಗಿ ನಿಲ್ಲಲಿಲ್ಲ.

ಈಗ ಪಕ್ಕದವನನ್ನ ನೋಡಿ. ಏಪ್ರಿಲ್ 17, ಚೆನ್ನೈ ವಿರುದ್ಧ: ಕೊಹ್ಲಿ 6, ಲೋಮ್ರೋರ್ ಸೊನ್ನೆ, ಮ್ಯಾಕ್ಸ್‌ವೆಲ್ 36 ಬಾಲಿಗೆ 76. ಏಪ್ರಿಲ್ 23, ರಾಜಸ್ಥಾನ್ ವಿರುದ್ಧ: ಕೊಹ್ಲಿ ಮೊದಲ ಬಾಲಿಗೇ ಔಟ್, ಶಹಬಾಜ್ 2, ಮ್ಯಾಕ್ಸ್‌ವೆಲ್ 44 ಬಾಲಿಗೆ 77. ಮೇ 9, ಮುಂಬೈ ವಿರುದ್ಧ: ಕೊಹ್ಲಿ 1, ರಾವತ್ 6, ಮ್ಯಾಕ್ಸ್‌ವೆಲ್ 33 ಬಾಲಿಗೆ 68. ಮೂರು ಸಲವೂ ಮೂರನೇ ನಂಬರ್ ಬೇಗ ಕುಸಿದಿದೆ, ನಾಲ್ಕನೇಯವನು ಪವರ್‌ಪ್ಲೇನಲ್ಲೇ ಕ್ರೀಸಿಗೆ ಬಂದಿದಾನೆ, ಕೈತುಂಬ ಬಾಲು ಸಿಕ್ಕಿದೆ. ಹಿಂದಿನ ವರ್ಷ 301 ರನ್ ಹೊಡೆದಿದ್ದ ಮ್ಯಾಕ್ಸ್‌ವೆಲ್ ಆ ವರ್ಷ 400 ಹೊಡೆದ. ಫಾಫ್ 730, ಕೊಹ್ಲಿ 639. ಕೊಹ್ಲಿ, ಗ್ಲೆನ್, ಫಾಫ್ ಸೇರಿ ಕೆಜಿಎಫ್ ಅಂತ ಹೆಸರು ಬಿದ್ದಿದ್ದು ಸುಮ್ನೆ ಅಲ್ಲ. ಆ ಮೂವರನ್ನ ಬಿಟ್ರೆ ಆಡೋರೇ ಇರ್ಲಿಲ್ಲ ಗುರು.

ಇದೆಲ್ಲಾ ಪಾಟೀದಾರ್ ಇಲ್ಲದ್ದಕ್ಕೇ ಆಯ್ತು ಅಂತ ನಾನು ಹೇಳ್ತಿಲ್ಲ. 2022ರಲ್ಲಿ ಕೊಹ್ಲಿ ಫಾರ್ಮಲ್ಲೇ ಇರ್ಲಿಲ್ಲ, 2023ರಲ್ಲಿ ಬಂದ. ಅದು ಬೇರೆ ಖಾತೆ. ಇನ್ನೊಂದು ಮಾತು, ಅದೇ ಸೀಸನ್‌ನಲ್ಲಿ ಪಂಜಾಬ್ ವಿರುದ್ಧ ಓಪನರ್‌ಗಳು 137 ರನ್ ಜೊತೆಯಾಟ ಆಡಿದ್ರು. ಕೊಹ್ಲಿ ಔಟ್ ಆಗೋ ಹೊತ್ತಿಗೆ 16 ಓವರ್ ಮುಗಿದಿತ್ತು. ಆಗ ಬಂದ ಮ್ಯಾಕ್ಸ್‌ವೆಲ್ ಮೊದಲ ಬಾಲಿಗೇ ಹೋದ. ಬಾಲು ಉಳಿದಿರಬೇಕು, ಆಗ ಮಾತ್ರ ಪಾಲು.

(3/6)
ಸರಿ, ಪಾಟೀದಾರ್ ಬದಲಿಗೆ ಆರ್‌ಸಿಬಿ ತಗೊಂಡಿದ್ದು ಯಾರನ್ನ? ಇದನ್ನ ಕೇಳಿದ್ರೆ ಇವತ್ತಿಗೂ ನಮ್ಮ ಗ್ರೂಪಲ್ಲಿ ಅರ್ಧ ಜನ ಯಾವುದೋ ಬ್ಯಾಟ್ಸ್‌ಮನ್ ಹೆಸರು ಹೇಳ್ತಾರೆ. ತಗೊಂಡಿದ್ದು ನಮ್ಮ ಕರ್ನಾಟಕದ ವೈಶಾಖ್ ವಿಜಯ್‌ಕುಮಾರ್‌ನ. ಬೌಲರು!

ಬ್ಯಾಟ್ಸ್‌ಮನ್ ಜಾಗಕ್ಕೆ ಬೌಲರ್. ಅಂದ್ರೆ ಕಾಗದದ ಮೇಲಿನ ಬದಲಿಗೂ ಮೈದಾನದ ಬದಲಿಗೂ ಸಂಬಂಧವೇ ಇಲ್ಲ. ಏಪ್ರಿಲ್ 15ಕ್ಕೆ ಚಿನ್ನಸ್ವಾಮಿಯಲ್ಲಿ ಡೆಲ್ಲಿ ವಿರುದ್ಧ ಮೊದಲ ಮ್ಯಾಚು, 20 ರನ್ ಕೊಟ್ಟು 3 ವಿಕೆಟ್. ನಾನು ಮನೇಲಿ ಕುಣಿದಿದ್ದೇ ಕುಣಿದಿದ್ದು. ಮಾರನೇ ದಿನ ಎಲ್ಲರ ಟೀಮಲ್ಲೂ ವೈಶಾಖ್. ಎರಡು ದಿನ ಬಿಟ್ಟು ಚೆನ್ನೈ ವಿರುದ್ಧ 4 ಓವರಿಗೆ 62 ರನ್. ಹುಡುಗನ ತಪ್ಪಲ್ಲ, ಆ ಪಿಚ್ಚಲ್ಲಿ ಆವತ್ತು ಎರಡೂ ಕಡೆ ಸೇರಿ 444 ರನ್ ಬಂದಿತ್ತು. ತಪ್ಪು ನಮ್ದು. ಅವತ್ತೇ ಮ್ಯಾಕ್ಸ್‌ವೆಲ್ 76 ಹೊಡೆದಿದ್ದು. ಪಾಟೀದಾರ್ ಪಾಲು ಯಾರಿಗೆ ಹೋಯ್ತು ಅಂತ ಆ ಒಂದೇ ಸ್ಕೋರ್‌ಕಾರ್ಡಲ್ಲಿ ಬರೆದಿದೆ, ನಾವು ಬೇರೆ ಕಾಲಂ ಓದ್ತಾ ಇದ್ವಿ.

(4/6)
ಈಗ ಸ್ವಲ್ಪ ದೂರ ಹೋಗೋಣ, ಅಮೆರಿಕಾಗೆ. ವೀಸಾ ಬೇಡ, ಯೂಟ್ಯೂಬ್ ಸಾಕು. ಫ್ಯಾಂಟಸಿ ಆಟದ ಹುಚ್ಚು ನಮಗಿಂತ ಮುಂಚೆ ಹತ್ತಿದ್ದು ಅವರಿಗೆ, ಅವರ ಫುಟ್‌ಬಾಲ್ ಮೇಲೆ. ಅದ್ರಲ್ಲಿ ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆಯೋನು, ರಿಸೀವರ್ ಅಂದ್ರೆ ಓಡಿಹೋಗಿ ಹಿಡಿಯೋನು. ಒಬ್ಬ ರಿಸೀವರ್ ಕಡೆಗೆ ಎಷ್ಟು ಸಲ ಎಸೆದ್ರು ಅನ್ನೋದನ್ನ ಟಾರ್ಗೆಟ್ ಅಂತ ಎಣಿಸ್ತಾರೆ. ನಮ್ಮ ಬ್ಯಾಟ್ಸ್‌ಮನ್ ಆಡೋ ಬಾಲು ಇದ್ದ ಹಾಗೆ.

ಅದೇ 2023ರ ಸೆಪ್ಟೆಂಬರ್. ಒಂದೇ ವಾರದಲ್ಲಿ ಎರಡು ಕಥೆ.

ಮೊದಲನೇದು, ಲಾಸ್ ಏಂಜಲೀಸ್ ರ್‍ಯಾಮ್ಸ್ ಟೀಮಿನ ದೊಡ್ಡ ರಿಸೀವರ್ ಕೂಪರ್ ಕಪ್‌ಗೆ ಹ್ಯಾಮ್‌ಸ್ಟ್ರಿಂಗ್, ಮೊದಲ ನಾಲ್ಕು ಮ್ಯಾಚು ಇಲ್ಲ. ಐದನೇ ರೌಂಡಲ್ಲಿ ತಗೊಂಡಿದ್ದ ಪೂಕಾ ನಕೂವಾ ಅನ್ನೋ ಹೊಸ ಹುಡುಗನ ಕಡೆ ಮೊದಲ ಮ್ಯಾಚಲ್ಲೇ 15 ಟಾರ್ಗೆಟ್, ಎರಡನೇದ್ರಲ್ಲಿ 20. ಸೀಸನ್ ಮುಗಿಯೋ ಹೊತ್ತಿಗೆ 105 ಕ್ಯಾಚು, 1,486 ಯಾರ್ಡು, ಹೊಸಬರ ಪೈಕಿ ದಾಖಲೆ.

ಎರಡನೇದು, ನ್ಯೂಯಾರ್ಕ್ ಜೆಟ್ಸ್. ಚೆಂಡು ಎಸೆಯೋಕೆ ಅಂತಲೇ ಕರೆಸಿದ್ದ ಆ್ಯರನ್ ರಾಜರ್ಸ್ ಮೊದಲ ಮ್ಯಾಚಿನ ಶುರುವಲ್ಲೇ ಹಿಮ್ಮಡಿ ನರ ಹರ್ಕೊಂಡು ಸೀಸನ್ನೇ ಔಟ್. ಅವರ ರಿಸೀವರ್ ಗ್ಯಾರೆಟ್ ವಿಲ್ಸನ್. ಅವನಿಗೆ ಹಿಂದಿನ ವರ್ಷ 147 ಟಾರ್ಗೆಟ್ ಬಂದಿತ್ತು, ಈ ವರ್ಷ 168 ಬಂತು. ಜಾಸ್ತಿ ಆಯ್ತು ಅಲ್ವಾ? ಆದ್ರೆ ಯಾರ್ಡು 1,103ರಿಂದ 1,042ಕ್ಕೆ ಇಳೀತು. ಚೆಂಡು ಬರ್ತಿತ್ತು, ಸರಿಯಾದ ಜಾಗಕ್ಕೆ ಬರ್ತಿರ್ಲಿಲ್ಲ.

ಅಂದ್ರೆ ಗಾಯ ಎರಡು ಥರ. ನಿನ್ನ ಜೊತೆ ಪಾಲು ಹಂಚ್ಕೊಳ್ಳೋನಿಗೆ ಗಾಯ ಆದ್ರೆ ನಿನ್ನ ಬೆಲೆ ಏರುತ್ತೆ. ನಿನಗೆ ಉಣಿಸೋನಿಗೆ ಗಾಯ ಆದ್ರೆ ಇಳಿಯುತ್ತೆ, ತಟ್ಟೆ ಎಷ್ಟು ದೊಡ್ಡದಾದ್ರೂ. ಕ್ರಿಕೆಟ್ಟಲ್ಲಿ ಉಣಿಸೋನು ಕಣ್ಣಿಗೆ ಬೀಳಲ್ಲ, ಅದಕ್ಕೇ ಮೋಸ ಹೋಗ್ತೀವಿ. ಒಂದು ಕಡೆಯಿಂದ ಹೇಜಲ್‌ವುಡ್ ಕಟ್ಟಿಹಾಕ್ತಿದ್ರೆ ಬ್ಯಾಟ್ಸ್‌ಮನ್ ಇನ್ನೊಂದು ಕಡೆ ರಿಸ್ಕ್ ತಗೋತಾನೆ, ವಿಕೆಟ್ ಇನ್ನೊಬ್ಬನ ಹೆಸರಿಗೆ ಬೀಳುತ್ತೆ. ಹೇಜಲ್‌ವುಡ್ ಇಲ್ಲದ ದಿನ ಆ ಇನ್ನೊಬ್ಬನನ್ನ ಕ್ಯಾಪ್ಟನ್ ಮಾಡಿ "ಇವತ್ತು ಇವನೇ ಮೇನ್ ಬೌಲರ್" ಅಂತ ಕುಣಿಯೋರಿಗೆ ನನ್ನ ನಮಸ್ಕಾರ.

(5/6)
ಇದು ಬರೀ ಟೀ ವಿಷಯ ಆಗಿದ್ರೆ ಇಷ್ಟುದ್ದ ಬರೀತಿರ್ಲಿಲ್ಲ.

ನಮ್ಮ ಕ್ಲಾಸಿನ ಒಬ್ಬ (ಅವನನ್ನ ಕೇಳೇ ಬರೀತಿದೀನಿ, ಹೆಸರು ಮಾತ್ರ ಕೇಳ್ಬೇಡಿ) 2025ರ ಐಪಿಎಲ್ ಹೊತ್ತಲ್ಲಿ ದುಡ್ಡು ಹಾಕಿ ಆಡ್ತಿದ್ದ. ಅವರಪ್ಪ ಗುಂಡ್ಲುಪೇಟೆ ಹತ್ರ ಚೆಂಡು ಹೂ ಬೆಳೀತಾರೆ. ಸೆಮ್ ಫೀಸ್‌ಗೆ ಅಂತ ಕೊಟ್ಟ ದುಡ್ಡು ಅದು. ಟೆಲಿಗ್ರಾಮಲ್ಲಿ ಯಾವನೋ ಪುಣ್ಯಾತ್ಮ "ಗಾಯದ ಅಪ್‌ಡೇಟ್, ಗ್ಯಾರಂಟಿ ಟೀಮ್" ಅಂತ ಕಳಿಸ್ತಿದ್ದ, ಇವನು ಹಾಕ್ತಿದ್ದ.

ಮೇ ತಿಂಗಳಲ್ಲಿ ನಮ್ಮ ದೇವದತ್ತ ಪಡಿಕ್ಕಲ್‌ಗೆ ಹ್ಯಾಮ್‌ಸ್ಟ್ರಿಂಗ್, ಬದಲಿಗೆ ನಮ್ಮವನೇ ಮಯಾಂಕ್ ಅಗರ್ವಾಲ್. ಮೇ 23ಕ್ಕೆ ಟಿಮ್ ಡೇವಿಡ್‌ಗೂ ಹ್ಯಾಮ್‌ಸ್ಟ್ರಿಂಗ್. ಪಾಟೀದಾರ್‌ಗೆ ಬೆರಳಿನ ನೋವು, ಇಂಪ್ಯಾಕ್ಟ್ ಪ್ಲೇಯರ್ ಆಗಿ ಬರೀ ಬ್ಯಾಟಿಂಗು. ಮೇ 27, ಲಕ್ನೋ ವಿರುದ್ಧ, 228 ಟಾರ್ಗೆಟ್. ನಮ್ಮವನು ಮಯಾಂಕ್‌ನ ಕ್ಯಾಪ್ಟನ್ ಮಾಡಿದ್ದ, ಜಿತೇಶ್ ಶರ್ಮಾನ ಬಿಟ್ಟಿದ್ದ. ಮಯಾಂಕ್ ಚೆನ್ನಾಗೇ ಆಡಿದ, 23 ಬಾಲಿಗೆ ಔಟಾಗದೆ 41. ಜಿತೇಶ್ 33 ಬಾಲಿಗೆ ಔಟಾಗದೆ 85. ಡೇವಿಡ್ ಇಲ್ಲ ಅಂದ್ಮೇಲೆ ಕೊನೇ ಓವರ್‌ಗಳ ಭಾರ ಯಾರ ಮೇಲೆ ಬೀಳುತ್ತೆ ಅಂತ ಎರಡು ನಿಮಿಷ ಯೋಚಿಸಿದ್ರೆ ಸಾಕಿತ್ತು. ಇಡೀ ಕರ್ನಾಟಕ ಪಟಾಕಿ ಹೊಡೀತಿತ್ತು, ಇವನು ಒಬ್ಬನೇ ಮಂಕಾಗಿ ಕೂತಿದ್ದ. ಆ ಸೀಸನ್ ಪೂರ್ತಿ ಸೇರಿ ಹೋಗಿದ್ದು 3,400 ರೂಪಾಯಿ. ಕೋಟಿ ಅಲ್ಲ. ಆದ್ರೆ ಫೀಸ್ ಕಟ್ಟೋ ಕೊನೇ ದಿನ ಮೂರು ಜನರ ಹತ್ರ ಸಾಲ ಕೇಳಿದ.

2021ರ ಅಕ್ಟೋಬರಲ್ಲಿ ನಮ್ಮ ರಾಜ್ಯ ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸೋಕೆ ಕಾನೂನು ತಂದಿತ್ತು, 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂತು, ದೊಡ್ಡ ಆ್ಯಪ್‌ಗಳು ದುಡ್ಡಿನ ಕಾಂಟೆಸ್ಟ್ ನಿಲ್ಲಿಸಿದ್ವು. ಕೆಲವರು "ಇದು ಸ್ಕಿಲ್ ಗೇಮು, ಬ್ಯಾನ್ ಮಾಡಿದ್ದು ಅನ್ಯಾಯ" ಅಂತಾರೆ. ಸ್ಕಿಲ್ ಇದೆ, ಒಪ್ಪಿದೆ. ನಾಲ್ಕು ಪೋಸ್ಟು ಅದನ್ನೇ ಬರೆದಿದೀನಲ್ಲ. ಆದ್ರೆ ಟಾಸ್ ಆಗೋಕೆ ಹತ್ತು ನಿಮಿಷ ಇರುವಾಗ ಟೆಲಿಗ್ರಾಮ್ ನೋಡಿ ಹೆಸರು ಒತ್ತೋದು ಸ್ಕಿಲ್ ಅಲ್ಲ ಕಣ್ರೋ. ಬ್ಯಾನ್ ಆಗಿದ್ದಕ್ಕೆ ನನಗೆ ಬೇಜಾರಿಲ್ಲ. ನೋಟ್‌ಬುಕ್ಕಲ್ಲಿ ಆಡಿದ್ರೂ ಲೆಕ್ಕ ಅಷ್ಟೇ ಮಜಾ ಕೊಡುತ್ತೆ.

(6/6)
ಕೊನೇದು. ಇದನ್ನ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚಿಸಿದೆ.

2022ರಲ್ಲಿ ಆರ್‌ಸಿಬಿ ಲವನೀತ್ ಸಿಸೋಡಿಯಾ ಅನ್ನೋ ನಮ್ಮ ಕರ್ನಾಟಕದ ಕೀಪರ್‌ನ 20 ಲಕ್ಷಕ್ಕೆ ತಗೊಂಡಿತ್ತು. ಗಾಯ ಆಯ್ತು, ಹೊರಗೆ ಹೋದ. ಅವನ ಬದಲಿಗೆ ಅದೇ 20 ಲಕ್ಷಕ್ಕೆ ಬಂದವನೇ ರಜತ್ ಪಾಟೀದಾರ್, ಹರಾಜಲ್ಲಿ ಯಾರೂ ಕೇಳದೆ ಉಳಿದಿದ್ದವನು. ಏಪ್ರಿಲ್ ಶುರುವಲ್ಲಿ ಬಂದ್ರೂ ಆಡೋಕೆ ಸಿಕ್ಕಿದ್ದು 26ಕ್ಕೆ, ಹೊಡೆದಿದ್ದು 16. ಅಷ್ಟರಲ್ಲಿ ಅವನನ್ನ ಟೀಮಲ್ಲಿ ಇಟ್ಕೊಂಡಿದ್ದವರೆಲ್ಲ ಕಿತ್ತು ಹಾಕಿರ್ತಾರೆ. ಮೇ 25ಕ್ಕೆ ಈಡನ್ ಗಾರ್ಡನ್ಸಲ್ಲಿ ಎಲಿಮಿನೇಟರು, 54 ಬಾಲಿಗೆ ಔಟಾಗದೆ 112. 2025ರ ಜೂನ್ 3ಕ್ಕೆ ಕಪ್ ಎತ್ತಿದ ಕ್ಯಾಪ್ಟನ್ ಅವನೇ.

ಲವನೀತ್ ಹೆಸರು ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿದೆ. ಇಬ್ಬರಿಗೆ. 2025ರ ಸೀಸನ್‌ಗೆ ಅವನನ್ನ ಕೆಕೆಆರ್ 30 ಲಕ್ಷಕ್ಕೆ ತಗೊಂಡಿತ್ತು ಅನ್ನೋದು ಒಬ್ಬನಿಗೂ ಗೊತ್ತಿರ್ಲಿಲ್ಲ.

ಇದು ನನಗೆ ಯಾಕೆ ಚುಚ್ತು ಅಂದ್ರೆ, ನಮ್ಮೂರ ಟೆನಿಸ್ ಬಾಲ್ ಟೀಮಲ್ಲೂ ಹೀಗೇ ಆಯ್ತು. ನಮ್ಮ ಕೀಪರ್ ಮೂರನೇ ನಂಬರು ಆಡೋನು, ನಾನು ಆರು. ಅಂದ್ರೆ ಭಾನುವಾರ ಪೂರ್ತಿ ಬಿಸಿಲಲ್ಲಿ ಫೀಲ್ಡಿಂಗ್ ಮಾಡಿ ಕೊನೇಗೆ ಎರಡು ಬಾಲು. ಒಂದಿನ ರನ್ ಓಡುವಾಗ ಅವನ ಕಾಲು ಉಳುಕ್ತು, ಪಾದ ಊದಿ ಕುಂಬಳಕಾಯಿ ಆಯ್ತು. ಅವನನ್ನ ಬೈಕಲ್ಲಿ ಕೂರಿಸ್ಕೊಂಡು ಹೋಗ್ತಿದಾರೆ, ನನ್ನ ತಲೇಲಿ ಓಡ್ತಿದ್ದಿದ್ದು ಒಂದೇ: ಮುಂದಿನ ವಾರ ಮೂರನೇ ನಂಬರ್ ಯಾರು?

ನಾನೇ. 38 ಹೊಡೆದೆ. ಊರಲ್ಲಿ ನಾನು ಹೊಡೆದ ಅತಿ ಹೆಚ್ಚು ರನ್ ಅದು. ಅವನು ಹೊಂಗೆ ಮರದ ಕೆಳಗೆ ಕಾಲು ಚಾಚ್ಕೊಂಡು ಸ್ಕೋರ್ ಬರೀತಿದ್ದ. ಔಟಾಗಿ ಬಂದಾಗ ಪುಸ್ತಕದಿಂದ ತಲೆ ಎತ್ತದೇ ಹೇಳಿದ, "ಚೆನ್ನಾಗ್ ಆಡ್ದೆ ಬುಡು. ಅದ್ರಲ್ಲಿ 20 ನಂದು."

ಏನು ಉತ್ತರ ಕೊಡೋದು? ಗೇನಿಂಗ್ ರೇಶಿಯೋ ಪ್ರಕಾರ ಅವನು ಹೇಳಿದ್ದು ಹೆಚ್ಚುಕಡಿಮೆ ಸರಿ ಇತ್ತು. ನಿವೃತ್ತನಾದ ಪಾಲುದಾರನಿಗೆ ಗುಡ್‌ವಿಲ್ ಕೊಡಬೇಕು ಅಂತಲೂ ಅದೇ ಚಾಪ್ಟರಲ್ಲಿದೆ. ಅವತ್ತು ಟೀ ನಾನೇ ಕೊಡಿಸಿದೆ, ಜೊತೆಗೆ ಎರಡು ಬಜ್ಜಿ.

ಫೋಟೋದಲ್ಲಿರೋ ಲೆಡ್ಜರಿನ ಕೈಬರಹ ಅವನದೇ. ಕಾಲು ವಾಸಿಯಾಗಿದೆ, ಈ ಭಾನುವಾರ ಆಡ್ತಾನಂತೆ. ನಾನು ಮತ್ತೆ ಆರನೇ ನಂಬರು.

#ಗುಂಡ್ಲುಪೇಟೆ #ಚಾಮರಾಜನಗರ #ಬಿಕಾಂಹುಡುಗ್ರು #ಆರ್‌ಸಿಬಿ