ಮಾರಿದ ಮೇಲೆ ಬಿಡಿಭಾಗ ಕೊಡುವವರು ಯಾರು?

2013–14ರಲ್ಲಿ ಭಾರತ ರಫ್ತು ಮಾಡಿದ ರಕ್ಷಣಾ ಸಾಮಗ್ರಿಯ ಮೌಲ್ಯ ₹686 ಕೋಟಿ. 2024–25ರಲ್ಲಿ ಅದು ₹23,622 ಕೋಟಿ. 2029ಕ್ಕೆ ₹50 ಸಾವಿರ ಕೋಟಿ ಮುಟ್ಟಬೇಕೆಂಬುದು ಕೇಂದ್ರದ ಗುರಿ. ಈ ಅಂಕಿಗಳು ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆಗಾಗ ಓಡಾಡುತ್ತವೆ; ಜತೆಗೆ ಫಿಲಿಪ್ಪೀನ್ಸ್‌ಗೆ ಹೋದ ಬ್ರಹ್ಮೋಸ್ ಕ್ಷಿಪಣಿಯ ಫೋಟೊ, ಕೆಳಗೆ ಸಾಲು ಸಾಲು ಚಪ್ಪಾಳೆ. ಚಪ್ಪಾಳೆ ತಪ್ಪಲ್ಲ. 2022ರ ಜನವರಿಯಲ್ಲಿ ಸುಮಾರು 37.5 ಕೋಟಿ ಡಾಲರ್‌ಗೆ ಆದ ಒಪ್ಪಂದದ ಮೊದಲ ಕಂತು 2024ರ ಏಪ್ರಿಲ್‌ನಲ್ಲೇ ಅಲ್ಲಿಗೆ ತಲುಪಿತು.

ಆದರೆ ರಫ್ತೆಂದರೆ ಕ್ಷಿಪಣಿಯಷ್ಟೇ ಅಲ್ಲ. ಅಪಾಚೆ ಹೆಲಿಕಾಪ್ಟರ್‌ನ ಒಡಲು ಹೈದರಾಬಾದಿನಲ್ಲಿ ತಯಾರಾಗಿ ಬೋಯಿಂಗ್‌ಗೆ ಹೋಗುತ್ತದೆ. ಕಳೆದ ಆ ₹23,622 ಕೋಟಿಯಲ್ಲಿ ₹15,233 ಕೋಟಿ ಖಾಸಗಿಯವರದು. ಮೆಕ್ಯಾನಿಕಲ್ ಓದುತ್ತಿರುವ ನನ್ನಂಥವರಿಗೆ ಕೆಲಸ ಇರುವುದು ಇಂಥ ಕಡೆಯೇ: ಸಿಎನ್‌ಸಿ, ಟೂಲಿಂಗ್, ಗುಣಮಟ್ಟ ತಪಾಸಣೆ. ಆದರೆ ಕ್ಯಾಂಪಸ್‌ಗೆ ಬರುವವರು ಕೇಳುವುದು ಜಾವಾ. ವಿಮಾನ ಬಿಡಿಭಾಗದ ಕಾರ್ಖಾನೆಗಳೆಲ್ಲ ಪಾಲಿಸುವ ಎಎಸ್9100 ಗುಣಮಟ್ಟದ ಹೆಸರು, ಐದು ಸೆಮಿಸ್ಟರ್ ಮುಗಿದರೂ ನಮ್ಮ ಕ್ಲಾಸಿನಲ್ಲಿ ಬಂದಿಲ್ಲ.

ಇನ್ನೊಂದು ಕಥೆ ಗ್ರೂಪಿನಲ್ಲಿ ಯಾರೂ ಹಾಕುವುದಿಲ್ಲ. ಬೆಂಗಳೂರಿನ ಎಚ್‌ಎಎಲ್‌ನಿಂದ ಈಕ್ವೆಡಾರ್ 7 ಧ್ರುವ್ ಹೆಲಿಕಾಪ್ಟರ್ ಕೊಂಡಿತ್ತು. ಅವುಗಳಲ್ಲಿ 4 ಅಪಘಾತಕ್ಕೀಡಾದವು. 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು. ದೋಷ ಯಂತ್ರದ್ದೋ ಪೈಲಟ್‌ಗಳದ್ದೋ ಎಂಬ ವಾದ ನಡೆಯಿತು. ಆದರೆ ಬಿಡಿಭಾಗಗಳು ಸಕಾಲಕ್ಕೆ ಬರಲಿಲ್ಲ ಎಂಬ ದೂರೂ ಇತ್ತು. ಟ್ರ್ಯಾಕ್ಟರ್ ಕೊಳ್ಳುವ ನಮ್ಮೂರ ರೈತ ಕೂಡ ಮೊದಲು ವಿಚಾರಿಸುವುದು ಸರ್ವಿಸ್ ಎಲ್ಲಿ ಸಿಗುತ್ತದೆ ಎಂದು. ಹತ್ತಾರು ವರ್ಷ ಹಾರಬೇಕಾದ ಹೆಲಿಕಾಪ್ಟರ್ ಕೊಳ್ಳುವವರು ಕೇಳದೇ ಇರುತ್ತಾರೆಯೇ? ಮಾರಾಟದ ದಿನ ಫೋಟೊ ತೆಗೆಸಿಕೊಳ್ಳುವಷ್ಟೇ ಉತ್ಸಾಹ ಆಮೇಲಿನ ಇಪ್ಪತ್ತು ವರ್ಷದ ರಿಪೇರಿಗೂ ಬೇಕು. ಅಲ್ಲಿ ಎಂಜಿನಿಯರ್‌ಗಳಿಗೆ ಕೆಲಸವೂ ಇದೆ.

ಎಂಜಿನ್ನಿನದು ಇನ್ನೂ ಹಳೆಯ ನೋವು. ಬೆಂಗಳೂರಿನ ಜಿಟಿಆರ್‌ಇಗೆ ‘ಕಾವೇರಿ’ ಯೋಜನೆ ಮಂಜೂರಾದದ್ದು 1989ರಲ್ಲಿ. ತೇಜಸ್ ಇಂದಿಗೂ ಹಾರುವುದು ಅಮೆರಿಕದ ಜಿಇ ಎಂಜಿನ್ನಿನಲ್ಲಿ. ಆ ಎಂಜಿನ್ ತಡವಾದದ್ದರಿಂದ ನಮ್ಮ ವಾಯುಪಡೆಯೇ ಕಾಯಬೇಕಾಯಿತು. ಹೀಗಿರುವಾಗ ಬೇರೆ ದೇಶಕ್ಕೆ ಯಾವ ಧೈರ್ಯದಿಂದ ತಾರೀಖು ಹೇಳುವುದು? ಹೆಚ್ಚು ಉಷ್ಣ ತಡೆಯುವ ಲೋಹ, ಟರ್ಬೈನ್ ಬ್ಲೇಡ್, ಪರೀಕ್ಷಾ ವ್ಯವಸ್ಥೆ – ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ ಎಂಬುದು ನನ್ನ ಅಭಿಪ್ರಾಯ.

ಈ ಕ್ಷೇತ್ರಕ್ಕೆ ಹೋಗುತ್ತೇನೆ ಎಂದಾಗ ಅಮ್ಮ, ‘ಬಾಂಬ್ ಮಾಡೋ ಕೆಲಸಾನೇನೋ?’ ಎಂದರು. ರೇಡಾರ್, ಹೆಲಿಕಾಪ್ಟರ್ ಕೂಡ ಇರುತ್ತೆ ಅಮ್ಮ ಎಂದೆ. ‘ಯಾರಿಗೆ ಮಾರ್ತಾರೆ?’ ಎಂದು ಮತ್ತೆ ಕೇಳಿದರು. ಯಾವ ದೇಶಕ್ಕೆ ಏನು ಹೋಯಿತೆಂಬ ಪೂರ್ತಿ ಪಟ್ಟಿಯನ್ನು ಸರ್ಕಾರ ಕೊಡುವುದಿಲ್ಲ. ಭದ್ರತೆಯ ಕಾರಣ ಇರಬಹುದು. ಆದರೆ ಯಾವ ನಿಯಮದ ಮೇಲೆ ಒಬ್ಬರಿಗೆ ಹೂಂ, ಇನ್ನೊಬ್ಬರಿಗೆ ಉಹೂಂ ಎನ್ನುತ್ತಾರೆ ಎಂಬುದರ ಬಗ್ಗೆ ಸಂಸತ್ತಿನಲ್ಲಾದರೂ ವರ್ಷಕ್ಕೊಮ್ಮೆ ಚರ್ಚೆಯಾಗಲಿ. ನಾಳೆ ಆ ಭಾಗಗಳನ್ನು ಕಡೆಯುವ ಲೇತಿನ ಮುಂದೆ ನಿಲ್ಲುವವರು ನಾವು. ನಮಗೂ ಅಮ್ಮನಿಗೆ ಹೇಳಲು ಒಂದು ಉತ್ತರ ಬೇಕು.